ಮೇಲಿನವರ ನೀರು, ಕೆಳಗಿನವರ ಮನೆ

ಕಲಬುರಗಿಯಲ್ಲಿ ಪ್ಲಾಟು ಮಾರೋರ ಬಾಯಲ್ಲಿ ಒಂದು ಮಾತು ಸದಾ ಇರುತ್ತೆ. ಎನ್‌ಎ ಆಗೇದ್ರಿ, ಲೇಔಟ್ ಅಪ್ರೂವ್ ಆಗೇದ, ಕಣ್ಣು ಮುಚ್ಚಿ ತಗೋರಿ. ಎನ್‌ಎ ಅಂದರೆ ಕೃಷಿಯೇತರ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಅನುಮತಿ ತಗೊಂಡರೆ, ನಿನ್ನೆ ತೊಗರಿ ಬೆಳೆಯುತ್ತಿದ್ದ ಹೊಲ ಇವತ್ತು ಕಾಗದದ ಮೇಲೆ ಹೊಲ ಅಲ್ಲ. ಸರಿ. ರೈತನಿಗೆ ದುಡ್ಡು ಬಂತು, ಸರ್ಕಾರಕ್ಕೆ ಶುಲ್ಕ ಬಂತು, ನಿಮಗೆ ಮೂವತ್ತು-ನಲವತ್ತರ ಸೈಟು ಬಂತು. ಆ ಹೊಲದ ಮೇಲೆ ಪ್ರತಿ ವರ್ಷ ಬೀಳುತ್ತಿದ್ದ ಮಳೆ ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಕೇಳಿದರಾ?

ಒಂದು ಸಣ್ಣ ಲೆಕ್ಕ ಹಾಕೋಣ. ಇಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು, ಇಷ್ಟಾದರೂ ಉಪಯೋಗಕ್ಕೆ ಬರಲಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ತಾಸಿನಲ್ಲಿ 50 ಮಿಲಿಮೀಟರ್ ಮಳೆ ಬಿತ್ತು ಅಂತ ಇಟ್ಕೊಳ್ಳಿ. ಆ ಎಕರೆ ಮೇಲೆ ಬಿದ್ದದ್ದು ಹತ್ತಿರ ಹತ್ತಿರ 2 ಲಕ್ಷ ಲೀಟರ್. ನಮ್ಮ ಎರಿ ಭೂಮಿಯ ಗುಣ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ, ಮೊದಲ ಮಳೆಯನ್ನು ಗಟಗಟ ಕುಡಿಯುತ್ತೆ, ನೆನೆದು ಉಬ್ಬಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತೆ. ಹಾಗಾಗಿ ಲೇಔಟ್ ಮಾಡೋರ ಪರವಾಗಿಯೇ ಲೆಕ್ಕ ಹಿಡಿಯೋಣ, ನೆನೆದ ಹೊಲದಿಂದ ಅರ್ಧದಷ್ಟು ನೀರು ಹೊರಗೆ ಹರಿಯುತ್ತೆ ಅನ್ನೋಣ. ಅಂದರೆ 1 ಲಕ್ಷ ಲೀಟರ್. ಅದೇ ಎಕರೆ ಮೇಲೆ ಸ್ಲ್ಯಾಬು, ಸಿಸಿ ರಸ್ತೆ, ಅಂಗಳಕ್ಕೆ ಟೈಲ್ಸು ಬಂದ ಮೇಲೆ ನೂರಕ್ಕೆ ಎಂಬತ್ತು ಪಾಲು ಹೊರಗೆ. 1 ಲಕ್ಷ 60 ಸಾವಿರ. ವ್ಯತ್ಯಾಸ 60 ಸಾವಿರ ಲೀಟರ್, ಅಂದರೆ 5 ಸಾವಿರ ಲೀಟರಿನ 12 ಟ್ಯಾಂಕರ್. ಇಪ್ಪತ್ತು ಎಕರೆ ಲೇಔಟಿಗೆ 240 ಟ್ಯಾಂಕರ್. ಒಂದೇ ತಾಸಿನಲ್ಲಿ, ಕೆಳಗಿನ ಓಣಿಗೆ, ಪುಕ್ಕಟೆ.

ಪ್ರಮಾಣಕ್ಕಿಂತ ವೇಗ ಇನ್ನೂ ಕೆಟ್ಟದ್ದು. ಹೊಲದಲ್ಲಿ ಒಡ್ಡು ಇರುತ್ತೆ, ಬದು ಇರುತ್ತೆ, ನೀರು ಅಲ್ಲಿ ನಿಂತು ಇಲ್ಲಿ ನಿಂತು ಬರುತ್ತೆ. ಲೇಔಟಿಗೆ ಜೆಸಿಬಿ ಬಂದ ದಿನ ಮೊದಲು ಹೋಗೋದೇ ಒಡ್ಡು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ನೆನಪಿದೆಯಲ್ಲ? ಹೊಲದ ನೀರು ಹೊಲದಲ್ಲೇ ನಿಲ್ಲಲಿ ಅಂತ ಸರ್ಕಾರವೇ ಸಹಾಯಧನ ಕೊಟ್ಟು ಕೃಷಿ ಹೊಂಡ ತೋಡಿಸಿತು. ಅದೇ ಹೊಲ ಎನ್‌ಎ ಆದರೆ ಹೊಂಡಕ್ಕೆ ಮಣ್ಣು. ಬೆಳೆ ಇದ್ದಾಗ ನೀರು ನಿಲ್ಲಿಸೋಕೆ ದುಡ್ಡು ಕೊಟ್ಟ ಸರ್ಕಾರ, ಮನೆ ಬಂದಾಗ ನೀರು ಬಿಟ್ಟಿದ್ದಕ್ಕೆ ಲೆಕ್ಕ ಕೇಳಲ್ಲ.

ಹಾಗಂತ ಈ ದೇಶದಲ್ಲಿ ಮೇಲಿನವರು-ಕೆಳಗಿನವರು ಅನ್ನೋ ವಿಷಯಕ್ಕೆ ಕಾನೂನೇ ಇಲ್ಲ ಅಂದ್ಕೋಬೇಡಿ. 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆ ಇದೆ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಹರಿದರೆ ಕೆಳಗಿನವನು ತಡೆಯುವ ಹಾಗಿಲ್ಲ, ಅದು ಮೇಲಿನವನ ಹಕ್ಕು. ಹಳ್ಳಿಯಲ್ಲಿ ಒಡ್ಡಿನ ಜಗಳ ಬಿಡಿಸೋ ಹಿರಿಯರೂ ಇದನ್ನೇ ಹೇಳ್ತಾರೆ. ಆದರೆ ಆ ವಾಕ್ಯದಲ್ಲಿರೋ 'ಸಹಜವಾಗಿ' ಅನ್ನೋ ಪದದ ಮೇಲೆ ಬೆರಳಿಡಿ. ಸಿಸಿ ರಸ್ತೆಯಿಂದ ಜಾರಿ, ಪೈಪಿನಲ್ಲಿ ಕೂಡಿ, ಒಂದೇ ಬಾಯಿಂದ ಧುಮುಕೋ ನೀರು ಸಹಜವಾಗಿ ಹರಿದ ನೀರಾ? ಹೊಲಗಳ ಕಾಲಕ್ಕೆ ಬರೆದ ಮಾತನ್ನು ಬಡಾವಣೆಗಳ ಕಾಲದಲ್ಲಿ ಮೇಲಿನವರು ತಮ್ಮ ಅನುಕೂಲಕ್ಕೆ ಎಳ್ಕೋತಿದ್ದಾರೆ ಅನ್ನೋದು ನನ್ನ ತಕರಾರು.

ಇದು ಹೊಸ ಚಿಂತೆ ಅಲ್ಲ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗೋಣ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ನಮ್ಮ ಊರನ್ನು ರಾಜಧಾನಿ ಮಾಡಿಕೊಂಡ. ಎರಡು ಸುತ್ತಿನ ಗೋಡೆ, ಸುತ್ತ ಅಗಲವಾದ ಕಂದಕ, ಒಳಗೆ 1367ರ ಜಾಮಾ ಮಸೀದಿ. ಮಸೀದಿ ಕಟ್ಟಿದ ಎರಡೇ ವರ್ಷಕ್ಕೆ, 1369ರಲ್ಲಿ, ಬಹಮನಿಗಳ ಬದ್ಧ ವೈರಿ ವಿಜಯನಗರದ ಕಡೆ, ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ಬುಕ್ಕರಾಯನ ಮಗ ಭಾಸ್ಕರ ಒಂದು ಕೆರೆ ಕಟ್ಟಿಸಿದ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಅಲ್ಲಿನ ಸಂಸ್ಕೃತ ಶಾಸನದಲ್ಲಿ ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗಗಳ ಪಟ್ಟಿ ಇದೆ, ಆರು ದೋಷಗಳ ಪಟ್ಟಿ ಇದೆ. ಆ ದೋಷಗಳಲ್ಲಿ ಎರಡು ಯಾವುವು ಗೊತ್ತಾ? ನೀರು ಕಡಿಮೆ ಇದ್ದು ಜಾಗ ಹೆಚ್ಚಿರೋದು ಒಂದು. ನೀರು ಹೆಚ್ಚಿದ್ದು ಜಾಗ ಕಡಿಮೆ ಇರೋದು ಇನ್ನೊಂದು. ಎಷ್ಟು ನೀರು ಬರುತ್ತೆ, ಎಷ್ಟು ಜಾಗ ಇದೆ, ಎರಡನ್ನೂ ಕೂಡಿಸಿ ನೋಡಬೇಕು ಅಂತ ಸುಮಾರು 650 ವರ್ಷದ ಹಿಂದೆ ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ. ನಮ್ಮ ಕೋಟೆಯ ಕಂದಕ ಶತ್ರುವಿಗೆ ಅಂತ ತೋಡಿದ್ದು, ಒಪ್ಪಿದೆ. ಆದರೂ ಊರ ನಡುವೆ ನೀರು ನಿಲ್ಲೋಕೆ ಇರೋ ಅಷ್ಟು ದೊಡ್ಡ ತಗ್ಗಿಗೆ ಗಟಾರದ ನೀರು ಬಿಟ್ಟು ಜೊಂಡು ಬೆಳೆಸಿದ್ದೀವಲ್ಲ, ಅದಕ್ಕೆ ಯಾವ ಸುಲ್ತಾನನನ್ನೂ ಬೈಯೋ ಹಾಗಿಲ್ಲ.

ಈಗ ನಿಜಾಮರ ಕಾಲಕ್ಕೆ ಬನ್ನಿ. ಗುಲ್ಬರ್ಗ ಆಗ ಹೈದರಾಬಾದ್ ಸಂಸ್ಥಾನದ ಒಂದು ಸುಬಾ. ಕಂದಾಯದವರು ಹೊಲ ಅಳೆದು ಕಂದಾಯ ಕಟ್ಟುವಾಗ ಹಳ್ಳ, ದಾರಿ, ಕಲ್ಲುನೆಲವನ್ನು ಸಾಗುವಳಿಯಿಂದ ಬೇರೆ ಮಾಡಿ ಬರೆಯುತ್ತಿದ್ದರು. ನಮ್ಮ ಕಡೆ ಹಳಬರು ಈಗಲೂ ಪೋಟಖರಾಬು ಅಂತಾರೆ. 1966ರ ಭೂ ಕಂದಾಯ ನಿಯಮಗಳಲ್ಲಿ ಇದು 'ಎ' ಖರಾಬು, 'ಬಿ' ಖರಾಬು ಅಂತ ಎರಡಾಗಿದೆ. 'ಬಿ' ಅಂದರೆ ಸಾರ್ವಜನಿಕರದ್ದು. ಹಳ್ಳ, ಕೆರೆ, ದಾರಿ. ವೀಕ್ಷಕರೇ, ಪಹಣಿಯಲ್ಲಿ ಒಂದೆರಡು ಗುಂಟೆ ಅಂತ ಮೂಲೆಯಲ್ಲಿ ಬರೆದಿರುತ್ತಲ್ಲ, ಪ್ಲಾಟು ತಗೊಳ್ಳೋವಾಗ ಯಾರೂ ಓದದ ಆ ಕಾಲಂ, ಅದೇ ನಮ್ಮಲ್ಲಿ ಮಳೆ ನೀರಿಗೆ ಇರೋ ಹಳೆಯ ಕಾನೂನು ರಕ್ಷಣೆ. ಬೆಂಗಳೂರಿನವರು ರಾಜಕಾಲುವೆ ಅಂತಾರೆ. ನಮ್ಮಲ್ಲಿ ರಾಜನೂ ಇಲ್ಲ, ಕಾಲುವೆಯೂ ಇಲ್ಲ, ಬರೀ ನಾಲಾ. ಹೆಸರಿಗೇ ಗೌರವ ಇಲ್ಲದ ಮೇಲೆ ಒತ್ತುವರಿ ಮಾಡೋರಿಗೆ ಹೆದರಿಕೆ ಎಲ್ಲಿಂದ ಬರಬೇಕು?

1908ರ ಸೆಪ್ಟೆಂಬರ್ 28. ನಮ್ಮ ಆಗಿನ ರಾಜಧಾನಿ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರು ಮೊದಲು ನೋಡಿದ್ದು ಮುಳುಗಿದ ಪೇಟೆಯನ್ನಲ್ಲ, ಮೇಲಿನ ಜಲಾನಯನವನ್ನು. ಅಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು. ಊರಿಗೆ ಬರೋ ಮುಂಚೆಯೇ ನೀರನ್ನು ಮೇಲೆ ತಡೆದು ನಿಧಾನಕ್ಕೆ ಬಿಡಬೇಕು ಅನ್ನೋದು ಅವರ ಪರಿಹಾರ. ಅದರಿಂದ ಹುಟ್ಟಿದ್ದು 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ. ಎರಡೂ ಕೆರೆಗಳು ಪ್ರವಾಹವನ್ನೂ ತಡೆದವು, ಊರಿಗೆ ಕುಡಿಯೋ ನೀರನ್ನೂ ಕೊಟ್ಟವು.

ಮುಂದಿನ ಅಧ್ಯಾಯ ನಮಗೆ ಇನ್ನೂ ಮುಖ್ಯ. 1996ರ ಮಾರ್ಚ್‌ನಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರ 111ನೇ ನಂಬರಿನ ಆದೇಶ ಹೊರಡಿಸಿತು. ಆ ಎರಡು ಜಲಾಶಯಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕಾರ್ಖಾನೆ, ದೊಡ್ಡ ಹೋಟೆಲು, ಬಡಾವಣೆಗಳಿಗೆ ಕಟ್ಟುನಿಟ್ಟು. ಜಲಾನಯನ ಅನ್ನೋದು ಬರೀ ನಕ್ಷೆಯ ಗೆರೆ ಅಲ್ಲ, ಅಲ್ಲಿ ಏನು ಕಟ್ಟುತ್ತಾರೆ ಅನ್ನೋದರ ಮೇಲೆ ಕೆಳಗಿನವರ ಬದುಕು ನಿಂತಿದೆ ಅಂತ ಒಂದು ಸರ್ಕಾರ ಬರಹದಲ್ಲಿ ಒಪ್ಪಿಕೊಂಡಿತು. ಭೂಮಿಯ ಬೆಲೆ ಏರಿದ ಹಾಗೆ ಅದರ ಮೇಲೆ ಒತ್ತಡವೂ ಏರಿತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಆ ನಿರ್ಬಂಧ ತೆಗೆಯೋ ಆದೇಶ ಹೊರಡಿಸಿತು. ನಮ್ಮ ಕರ್ನಾಟಕದಲ್ಲೂ ಕಥೆ ಹೆಚ್ಚು ಬೇರೆ ಅಲ್ಲ. 2016ರ ಮೇನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್, ರಾಜಕಾಲುವೆಗಳಿಗೆ 50, 35, 25 ಮೀಟರ್ ಅಂತರ ಬಿಡಬೇಕು ಅಂದಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಶಾಸನದ ಪ್ರಕಾರ ಮಾಡಿದ ಮಹಾಯೋಜನೆಯನ್ನು ಬದಲಾಯಿಸೋ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅನ್ನೋದು ಕಾರಣ. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ ಇರಬಹುದು. ಅದರ ಅರ್ಥ ಇಷ್ಟೇ: ಈ ಕೆಲಸ ಕೋರ್ಟಿನದಲ್ಲ, ಊರಿನ ಯೋಜನೆ ಬರೆಯೋರದ್ದು.

ಊರಿನ ಯೋಜನೆ ಬರೆಯೋರು ಯಾರು? 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ, 1976ರ ಮಹಾನಗರ ಪಾಲಿಕೆಗಳ ಕಾಯ್ದೆ. ಇಷ್ಟೆಲ್ಲ ಇದೆ. ಬಡಾವಣೆಯಲ್ಲಿ ಇಷ್ಟು ಅಡಿ ರಸ್ತೆ, ಇಷ್ಟು ಪಾಲು ಉದ್ಯಾನ, ರಸ್ತೆ ಪಕ್ಕ ಚರಂಡಿ ಅಂತ ಕೇಳ್ತಾರೆ. ಚರಂಡಿ ಇದೆಯಾ ಅಂತ ಕೇಳೋದು ಬೇರೆ, ಆ ಚರಂಡಿ ಲೇಔಟಿನ ಕಾಂಪೌಂಡು ದಾಟಿದ ಮೇಲೆ ಎಷ್ಟು ನೀರನ್ನು ಯಾರ ಮೇಲೆ ಸುರಿಯುತ್ತೆ ಅಂತ ಕೇಳೋದು ಬೇರೆ. ಕೇಂದ್ರದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ ನಗರ ಪ್ರವಾಹದ ಮಾರ್ಗಸೂಚಿ ತಂದಿತು. ಮುಂದೆ ಕಟ್ಟೋ ಮಳೆನೀರು ಚರಂಡಿಗಳ ಲೆಕ್ಕದಲ್ಲಿ ಬಿದ್ದ ಮಳೆಯ ನೂರಕ್ಕೆ 95 ಪಾಲಿನವರೆಗೆ ಹರಿದು ಬರುತ್ತೆ ಅಂತ ಹಿಡಿಯಿರಿ ಅಂದಿತು. 2019ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಮಳೆನೀರು ಚರಂಡಿಗೇ ಒಂದು ಕೈಪಿಡಿ ತಂದಿತು. ಮಾರ್ಗಸೂಚಿ, ಕೈಪಿಡಿ. ಎರಡೂ ನಿಯಮ ಅಲ್ಲ. ಪಾಲಿಸದಿದ್ದರೆ ಲೇಔಟ್ ನಕ್ಷೆ ವಾಪಸ್ ಬರಲ್ಲ. ಪರಿಸರ ಅನುಮತಿ ಬೇಕಾಗೋದು 20 ಸಾವಿರ ಚದರ ಮೀಟರ್ ದಾಟಿದ ಕಟ್ಟಡಗಳಿಗೆ. ನಮ್ಮ ರಿಂಗ್ ರೋಡಿನ ಆಚೆ ಎಂಟೆಕರೆ ಹತ್ತೆಕರೆಯಲ್ಲಿ ಸೈಟು ಹಾಕೋರಿಗೆ ಅದು ತಾಗೋದೇ ಅಪರೂಪ.

ಪರಿಣಾಮ ನೀವೇ ನೋಡ್ತಿದ್ದೀರಿ. 2001ರ ಜನಗಣತಿಯಲ್ಲಿ ಸುಮಾರು 4.2 ಲಕ್ಷ ಇದ್ದ ಕಲಬುರಗಿ ನಗರದ ಜನಸಂಖ್ಯೆ 2011ಕ್ಕೆ 5.3 ಲಕ್ಷ ಆಯ್ತು. ಆಮೇಲಿನ ಬೆಳವಣಿಗೆಗೆ ಜನಗಣತಿ ಬೇಕಿಲ್ಲ, ಸೇಡಂ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆ ಹಿಡಿದು ಹೋದರೆ ಸಾಕು. ಜೋರು ಮಳೆ ಬಂದ ದಿನ ಹಳೆ ಜೇವರ್ಗಿ ರಸ್ತೆಯ ರೈಲ್ವೆ ಕೆಳಸೇತುವೆ ಹತ್ತಿರ ಹೋಗಿ ನಿಲ್ಲಿ. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ದಾಟಿತು. ಆ ರಾತ್ರಿ ಹೈದರಾಬಾದ್ ಮುಳುಗಿತು, ಬೆನ್ನಿಗೇ ನಮ್ಮ ಜಿಲ್ಲೆ. ಭೀಮಾ ತೀರದ ಹಳ್ಳಿಗಳ ಗೋಳು ಇಡೀ ರಾಜ್ಯ ನೋಡಿತು, ನೋಡಬೇಕಾದ್ದೇ. ಟಿವಿ ಕ್ಯಾಮೆರಾಗೆ ಬೋಟು ಬೇಕು. ನಗರದ ಬಡಾವಣೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಫ್ರಿಜ್ಜು ಎತ್ತಿ ಮಂಚದ ಮೇಲಿಟ್ಟವರಿಗೆ ಬೋಟೂ ಇಲ್ಲ, ಸುದ್ದಿಯೂ ಇಲ್ಲ, ಬಹಳ ಸಲ ಪರಿಹಾರವೂ ಇಲ್ಲ. ಅಂದಹಾಗೆ ನಮ್ಮ ಕಡೆ ನೀರಿಗೆ ಬಹುವಚನ. 'ನೀರು ಬಂದಾವ' ಅಂತಾರೆ, ನೆಂಟರು ಬಂದ ಹಾಗೆ. ಬಡಾವಣೆಗಳಿಗೆ ನುಗ್ಗಿದ ಈ ನೀರಂತೂ ಕರೆಯದೇ ಬಂದವು.

ಈಗ ಕಮಲಾಪುರದ ಮಾತು. ನಗರದಿಂದ ಹುಮನಾಬಾದ್ ಕಡೆ ಹೊರಟರೆ ಮಹಾಗಾಂವ ದಾಟಿ ಸಿಗೋ ಊರು, ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಯ ಊರು. 2018ರಿಂದ ತಾಲ್ಲೂಕು ಕೇಂದ್ರ. ತಾಲ್ಲೂಕು ಕೇಂದ್ರ ಅಂದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ? ಕಚೇರಿಗಳು, ನೌಕರರಿಗೆ ಮನೆ, ಹೆದ್ದಾರಿ ಪಕ್ಕ ಅಂಗಡಿ ಸಾಲು, ಮತ್ತೆ ಅದೇ ಎನ್‌ಎ ಬೋರ್ಡು. ಬಾಳೆ ತೋಟ ಇರೋದು ನೀರು ನಿಲ್ಲೋ, ಬಾವಿ ತುಂಬೋ ತಗ್ಗಿನಲ್ಲಿ. ಮೇಲೆ ಕಾಂಕ್ರೀಟು ಬಂದರೆ ಆ ತೋಟಕ್ಕೆ ಮಳೆಗಾಲದಲ್ಲಿ ಹೊಳೆ, ಬೇಸಿಗೆಯಲ್ಲಿ ಒಣಬಾವಿ.

ವಿಷಯ ಕಮಲಾಪುರದ್ದು ಮಾತ್ರ ಅಂದ್ಕೊಂಡ ನಗರದವರು ಸ್ವಲ್ಪ ಇಲ್ಲಿ ಕೇಳಿ. ಆ ಭಾಗದ ನೀರು ಗಂಡೋರಿ ನಾಲಾ, ಬೆಣ್ಣೆತೊರಾ ಹಿಡಿದು ಕಾಗಿಣಾ ಸೇರಿ, ಅಲ್ಲಿಂದ ಭೀಮಾಕ್ಕೆ ಹೋಗುತ್ತೆ. ನಡುವೆ ಹೇರೂರಿನಲ್ಲಿ ಬೆಣ್ಣೆತೊರಾ ಜಲಾಶಯ. ಕುರಿಕೋಟಾ ಸೇತುವೆ ಮೇಲೆ ಹೋಗುವಾಗ ಕೆಳಗೆ ಕಾಣೋದು ಅದರದೇ ಹಿನ್ನೀರು. ಕಲಬುರಗಿಯ ನಲ್ಲಿಗೆ ಭೀಮಾದಿಂದ ಬರೋ ಹಾಗೆ ಬೆಣ್ಣೆತೊರಾದಿಂದಲೂ ನೀರು ಬರುತ್ತೆ. ಕಮಲಾಪುರದ ಬಡಾವಣೆಗಳ ಗಟಾರ ಎಲ್ಲಿಗೆ ತಿರುಗುತ್ತೆ ಅನ್ನೋದು ಕಲಬುರಗಿಯ ಅಡುಗೆಮನೆಯ ಪ್ರಶ್ನೆ. ಉಸ್ಮಾನ್ ಸಾಗರಕ್ಕೆ 1996ರಲ್ಲಿ ಕೇಳಿದ ಪ್ರಶ್ನೆಯನ್ನೇ ಬೆಣ್ಣೆತೊರಾಕ್ಕೂ ಕೇಳಬೇಕು, ಮನೆ ಏಳೋ ಮುಂಚೆ.

ಏನು ಕೇಳಬೇಕು? ಅಮೆರಿಕದ ಚಿಕಾಗೋ ಸುತ್ತಲಿನ ಕುಕ್ ಕೌಂಟಿಯಲ್ಲಿ 1972ರಿಂದ ಹೊಸದಾಗಿ ಕಟ್ಟೋರು ಮಳೆ ನೀರನ್ನು ತಮ್ಮ ಜಾಗದಲ್ಲೇ ತಡೆದು ನಿಧಾನಕ್ಕೆ ಬಿಡಬೇಕು ಅನ್ನೋ ನಿಯಮ ಇದೆ. ಮೂಲ ತತ್ವ ಸರಳ: ಹೊಲವಾಗಿದ್ದಾಗ ಎಷ್ಟು ವೇಗದಲ್ಲಿ ನೀರು ಹೊರಗೆ ಹೋಗುತ್ತಿತ್ತೋ, ಬಡಾವಣೆ ಆದ ಮೇಲೂ ಅದಕ್ಕಿಂತ ಹೆಚ್ಚಾಗಬಾರದು. ನಮ್ಮಲ್ಲೂ ಇದಕ್ಕೆ ದೊಡ್ಡ ಕಾಯ್ದೆ ಬೇಕಿಲ್ಲ. ಲೇಔಟ್ ಅನುಮೋದನೆಯ ಷರತ್ತುಗಳಲ್ಲಿ ಒಂದು ಸಾಲು ಸಾಕು. ನಾನು ಹಾಕಿದ ಲೆಕ್ಕದಲ್ಲಿ ಎಕರೆಗೆ 60 ಸಾವಿರ ಲೀಟರ್ ತಡೆಯಬೇಕಿತ್ತಲ್ಲ? ಅದು ಎಂಟು ಮೀಟರ್ ಉದ್ದಗಲ, ಒಂದು ಮೀಟರ್ ಆಳದ ತಗ್ಗು. ಉದ್ಯಾನಕ್ಕೆ ಅಂತ ಹೇಗೂ ಜಾಗ ಬಿಡಬೇಕು. ಆ ಉದ್ಯಾನವನ್ನು ರಸ್ತೆಗಿಂತ ಎತ್ತರಕ್ಕೆ ಮಣ್ಣು ತುಂಬಿ ಗ್ರಾನೈಟ್ ಬೆಂಚು ಹಾಕೋ ಬದಲು ತಗ್ಗಿನಲ್ಲಿ ಮಾಡಿ, ಮಳೆ ಬಂದ ದಿನ ಎರಡು ತಾಸು ನೀರು ನಿಲ್ಲಲಿ, ಸಂಜೆಗೆ ಇಳಿಯುತ್ತೆ. ಮಕ್ಕಳು ಮರುದಿನ ಆಡ್ತಾರೆ.

ಖರ್ಚು ಯಾರದು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಸೈಟಿನ ಬೆಲೆ ಏರುತ್ತೆ, ಬಡವರು ಹೇಗೆ ತಗೋತಾರೆ ಅಂತ ಬಿಲ್ಡರುಗಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಈಗಲೂ ಆ ಖರ್ಚು ಯಾರೋ ಒಬ್ಬರು ಕೊಡ್ತಾ ಇದ್ದಾರೆ: ತಗ್ಗಿನಲ್ಲಿ ಅಗ್ಗದ ಸೈಟು ತಗೊಂಡವರು, ಪ್ರತಿ ಮಳೆಗಾಲದಲ್ಲಿ ಗೋಡೆಗೆ ಸುಣ್ಣ ಹೊಡೆಸೋರು, ನೆನೆದ ಅಕ್ಕಿ ಚೀಲ ಬಿಸಾಕೋರು. ಅವರ ಹೆಸರು ಯಾವ ಲೇಔಟ್ ನಕ್ಷೆಯಲ್ಲೂ ಇಲ್ಲ. ಕಮಲಾಪುರದಲ್ಲಿ ಆ ತಗ್ಗಿನ ಸೈಟುಗಳು ಇನ್ನೂ ಬಹುಪಾಲು ಹೊಲವಾಗಿಯೇ ಇವೆ, ಹಳ್ಳಗಳ ಗುರುತು ಗ್ರಾಮ ನಕ್ಷೆಯಲ್ಲಿದೆ, ಖರಾಬು ಪಹಣಿಯಲ್ಲಿದೆ. ಅಲ್ಲಿ ಪ್ಲಾಟು ನೋಡೋಕೆ ಹೋಗೋರು ಎನ್‌ಎ ಆದೇಶದ ಜೊತೆ ಅವೆರಡನ್ನೂ ಕೇಳಿ ತಗೊಂಡು, ಒಂದು ಸಲ ಮಳೆ ಬರುವಾಗಲೇ ಹೋಗಿ ನೋಡಿಕೊಂಡು ಬನ್ನಿ.