ಬೆಟ್ಟ ಹತ್ತುವ ಸಾಮಾನು ಎಲ್ಲಿ ಸಿಗುತ್ತದೆ? ಹಾಳೆ ಟೊಪ್ಪಿಯಿಂದ ಟ್ರೆಕ್ಕಿಂಗ್ ಶೂವರೆಗೆ



ಮಳೆಗಾಲ ಮುಗಿದ ಮೇಲೆ ರಾಣಿಪುರ ಬೆಟ್ಟಕ್ಕೆ ಹೋಗುವುದೆಂದು ನಮ್ಮ ಯುವ ಬಳಗ ತೀರ್ಮಾನಿಸಿದಾಗ ಎಲ್ಲರಿಗೂ ಖುಷಿಯೋ ಖುಷಿ. ಅದೇ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಬಂತು. ಟ್ರೆಕ್ಕಿಂಗ್ ಶೂ, ರೈನ್ ಜಾಕೆಟ್, ಬೆನ್ನಿಗೆ ಹಾಕುವ ಬ್ಯಾಗು, ತಲೆಗೆ ಕಟ್ಟುವ ಟಾರ್ಚು, ಉಂಬಳ ಹತ್ತದ ಉದ್ದ ಕಾಲುಚೀಲ. ಇದೆಲ್ಲ ಎಲ್ಲಿ ಸಿಗುತ್ತದೆ, ಮಂಗಳೂರಿಗೆ ಹೋಗಬೇಕೋ, ಕಾಸರಗೋಡಿನಲ್ಲಿ ಸಾಕೋ, ಆನ್‌ಲೈನಿನಲ್ಲಿ ತರಿಸುವುದೋ ಎಂದು ನಡುರಾತ್ರಿಯವರೆಗೆ ಚರ್ಚೆ ನಡೆಯಿತು. ಎಲ್ಲವನ್ನೂ ಹೊಸತಾಗಿ ಕೊಂಡರೆ ಬಸ್ಸಿಗೆ ಮತ್ತು ಊಟಕ್ಕೆ ಆಗುವ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರು ಗೆಳೆಯರು, "ಆ ದಿನ ಮನೆಯಲ್ಲಿ ಕೆಲಸ ಉಂಟು, ನಾವು ಬರುವುದಿಲ್ಲ" ಎಂದರು. ಮನೆಯಲ್ಲಿ ಕೆಲಸ ಏನೂ ಇರಲಿಲ್ಲ. ಪಟ್ಟಿ ನೋಡಿಯೇ ಅವರು ಹಿಂದೆ ಸರಿದದ್ದೆಂದು ನಮಗೆ ಆಮೇಲೆ ತಿಳಿಯಿತು. ಈ ಸಂಗತಿಯನ್ನು ಮನೆಯಲ್ಲಿ ಹೇಳಿದಾಗ ನಮ್ಮಲ್ಲೊಬ್ಬರ ಅಜ್ಜ ಕೇಳಿದರಂತೆ: "ಗುಡ್ಡ ಹತ್ತಲಿಕ್ಕೆ ಅಂಗಡಿಗೆ ಯಾಕೆ ಹೋಗುವುದು ಮಕ್ಕಳೇ? ನಾವು ದಿನಾ ಹತ್ತುತ್ತಿದ್ದೆವಲ್ಲ?" ಹಾಗಾದರೆ ಆಗ ಜನ ಏನು ಹಾಕಿಕೊಂಡು ನಡೆಯುತ್ತಿದ್ದರು, ಅದು ಎಲ್ಲಿಂದ ಬರುತ್ತಿತ್ತು ಎಂದು ಹುಡುಕಲು ಹೊರಟೆವು. ನಮಗೆ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ತೋಟದಲ್ಲೇ ಇದ್ದ ಅಂಗಡಿ

ನಮ್ಮ ಬೆಳ್ಳೂರು ಗುಡ್ಡ, ಕಣಿವೆ, ಅಡಿಕೆ ತೋಟಗಳ ಊರು. ಬಸ್ಸು ಬರುವ ಮೊದಲು ಸಂತೆಗೆ, ಶಾಲೆಗೆ, ನೆಂಟರ ಮನೆಗೆ ನಡೆದೇ ಹೋಗಬೇಕಿತ್ತು. ನಡೆಯುವವರಿಗೆ ಬೇಕಾದ ಸಾಮಾನು ಹೆಚ್ಚಾಗಿ ಮನೆಯ ಸುತ್ತಮುತ್ತಲೇ ಸಿಗುತ್ತಿತ್ತು.

ಮೊದಲನೆಯದು ಹಾಳೆ ಟೊಪ್ಪಿ. ತುಳುವಿನಲ್ಲಿ ಮುಟ್ಟಾಳೆ. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ಹೊಲಿದು ತಲೆಯ ಅಳತೆಗೆ ಮಾಡುತ್ತಿದ್ದರು. ತೂಕವೇ ಇಲ್ಲ, ಬಿಸಿಲಿಗೆ ತಲೆ ತಂಪು, ಹೊರೆ ಹೊರುವಾಗ ತಲೆಗೆ ಆಸರೆ. ಹಾಳಾದರೆ ಗೊಬ್ಬರದ ಗುಂಡಿಗೆ ಹಾಕಿದರಾಯಿತು.

ಎರಡನೆಯದು ಗೊರಬೆ. ಬಿದಿರಿನ ಸೀಳುಗಳ ಚೌಕಟ್ಟಿಗೆ ತಾಳೆ ಜಾತಿಯ ಮರದ ಗರಿ ಹೊದೆಸಿ ಮಾಡಿದ ಮಳೆಯ ಹೊದಿಕೆ ಅದು. ತಲೆಯಿಂದ ಬೆನ್ನಿನ ಕೆಳಗಿನವರೆಗೂ ಮುಚ್ಚುತ್ತದೆ, ಎರಡೂ ಕೈ ಖಾಲಿ ಇರುತ್ತವೆ. ಬಗ್ಗಿ ನೇಜಿ ನೆಡುವ ಹೆಂಗಸರಿಗೆ ಕೊಡೆಯಿಂದ ಆಗದ ಉಪಕಾರ ಗೊರಬೆಯಿಂದ ಆಗುತ್ತಿತ್ತು. ಇವತ್ತು ಬ್ಯಾಗಿನ ಮೇಲಿಂದಲೇ ಹಾಕಿಕೊಳ್ಳುವ ಪೊಂಚೊ ಮಾಡುವುದೂ ಇದೇ ಕೆಲಸವನ್ನು.

ಮೂರನೆಯದು ಕಂಬಳಿ. ಇದು ನಮ್ಮ ತೋಟದ್ದಲ್ಲ. ಘಟ್ಟದ ಮೇಲಿನ ಕುರುಬರು ಕುರಿಯ ಉಣ್ಣೆಯಿಂದ ನೇಯ್ದದ್ದು. ಅದನ್ನು ಕೊಪ್ಪೆಯಾಗಿ ಮಡಚಿ ತಲೆಗೆ ಹಾಕಿಕೊಂಡರೆ ಸಾಮಾನ್ಯ ಮಳೆ ಒಳಗೆ ಇಳಿಯುವುದಿಲ್ಲ. ಒದ್ದೆಯಾದರೂ ಉಣ್ಣೆ ಮೈಯನ್ನು ಬೆಚ್ಚಗಿಡುತ್ತದೆ. ಹತ್ತಿ ಬಟ್ಟೆಗೆ ಈ ಗುಣ ಇಲ್ಲ. ಕತ್ತಲಾದರೆ ತೆಂಗಿನ ಒಣ ಗರಿಯ ಸೂಟೆ. ಉಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪು.

ಇಷ್ಟು ಓದಿ ಆ ಕಾಲವೇ ಚೆನ್ನಾಗಿತ್ತು ಎನ್ನಬೇಡಿ. ಹೆಚ್ಚಿನವರ ಕಾಲಿಗೆ ಏನೂ ಇರಲಿಲ್ಲ. ಮುಳ್ಳು, ಕಲ್ಲು, ಹಾವು, ಒಡೆದ ಹಿಮ್ಮಡಿ ದಿನನಿತ್ಯದ ಕಷ್ಟ. ಅಷ್ಟೇ ಅಲ್ಲ, ಚಪ್ಪಲಿ ಮೆಟ್ಟಬೇಕಾದರೂ ಕೊಡೆ ಹಿಡಿಯಬೇಕಾದರೂ ಜಾತಿ ನೋಡುವ ಕಟ್ಟುಪಾಡು ನಮ್ಮ ಕರಾವಳಿಯಲ್ಲಿ ಇತ್ತು. ಹಣ ಇದ್ದರೂ ಕೆಲವರು ಅದನ್ನು ಹಾಕಿಕೊಂಡು ದಾರಿಯಲ್ಲಿ ನಡೆಯುವ ಹಾಗಿರಲಿಲ್ಲ. ಕಾಲಿಗೆ ಹಾಕುವ ವಸ್ತು ಯಾರು ಒಳಗಿನವರು, ಯಾರು ಹೊರಗಿನವರು ಎಂದು ತೋರಿಸುತ್ತಿತ್ತು. ನಮ್ಮ ವಾಟ್ಸಾಪ್ ಪಟ್ಟಿಯೂ ನಮಗೆ ಗೊತ್ತಿಲ್ಲದೆಯೇ ಅದನ್ನೇ ಮಾಡಿತಲ್ಲ ಎಂದು ಇದನ್ನು ತಿಳಿದಾಗ ನಮಗೆ ನಾಚಿಕೆಯಾಯಿತು.

ಬಲ್ಮಠದ ಮಗ್ಗಗಳು

ಇನ್ನು ಬಟ್ಟೆಯ ಕಥೆ. ಇದಕ್ಕೆ ಮಂಗಳೂರಿಗೆ ಹೋಗಬೇಕು. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಆದ್ದರಿಂದ ಇದು ನಮ್ಮದೇ ಜಿಲ್ಲೆಯ ಕಥೆ.

1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ ಅನೇಕರಿಗೆ ಒಂದೇ ದಿನದಲ್ಲಿ ಮನೆ, ಗೇಣಿಯ ಗದ್ದೆ, ಕುಲಕಸುಬು ಎಲ್ಲ ತಪ್ಪಿಹೋಗುತ್ತಿತ್ತು. ಹೀಗೆ ಹೊರಗಾದವರಿಗೆ ದಾನ ಕೊಟ್ಟು ಎಷ್ಟು ದಿನ ಸಾಕಲು ಸಾಧ್ಯ? ದುಡಿದು ತಿನ್ನಲು ಒಂದು ಕೆಲಸ ಬೇಕಿತ್ತು. ಹಲವು ಪ್ರಯತ್ನಗಳ ನಂತರ ಮಿಶನ್ ನೇಯ್ಗೆಯನ್ನು ಹಿಡಿಯಿತು. 1851ರಲ್ಲಿ ಹಾಲರ್ ಎಂಬ ನುರಿತ ನೇಕಾರರು ಯುರೋಪಿನಿಂದ ಬಂದರು. ಕೈಯಿಂದ ಲಾಳಿ ದಾಟಿಸುವ ಬದಲು ಹಗ್ಗ ಎಳೆದರೆ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಮಗ್ಗಗಳು ಬಲ್ಮಠದ ಕಾರ್ಖಾನೆಗೆ ಬಂದವು. ಕೆಲಸ ವೇಗವಾಯಿತು, ಬಟ್ಟೆಯ ಅಗಲ ಹೆಚ್ಚಿತು.

ಅಲ್ಲಿ ತಯಾರಾದ ಬಟ್ಟೆಗಳಲ್ಲಿ ಹೆಸರಾದದ್ದು ಖಾಕಿ. ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುವುದುಂಟು. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು. 'ಖಾಕ್' ಎಂದರೆ ಪಾರಸಿಯಲ್ಲಿ ಧೂಳು. 1840ರ ದಶಕದಲ್ಲೇ ಪೇಶಾವರದ ಕಡೆ ಲಮ್ಸ್‌ಡನ್ ಎಂಬ ಅಧಿಕಾರಿಯ ಪಡೆ ಧೂಳಿನ ಬಣ್ಣದ ಉಡುಪು ಹಾಕಲು ಶುರು ಮಾಡಿತ್ತು. ಆದ್ದರಿಂದ ಹೆಸರೂ ಉಡುಪೂ ಉತ್ತರದ್ದೇ. ಆದರೆ 1850ರ ದಶಕದಲ್ಲಿ ಖಾಕಿ ಬಣ್ಣ ತಯಾರಿಸಿ, ಕಾರ್ಖಾನೆಯಲ್ಲಿ ಬಟ್ಟೆ ನೇಯ್ದು ಮಾರಾಟಕ್ಕೆ ತಂದ ಕೀರ್ತಿ ಹಾಲರ್ ಮತ್ತು ಬಲ್ಮಠದ ಕೆಲಸಗಾರರದ್ದು. 1881ರಿಂದ 1885ರವರೆಗೆ ಮದ್ರಾಸಿನ ಸೇನಾಪತಿಯಾಗಿದ್ದ ರಾಬರ್ಟ್ಸ್ ಈ ಕಾರ್ಖಾನೆ ನೋಡಿ ಮೆಚ್ಚಿ, ಸೈನ್ಯಕ್ಕೆ ಖಾಕಿಯನ್ನು ಶಿಫಾರಸು ಮಾಡಿದರು ಎಂಬ ಮಾತೂ ಇದೆ.

ಆಮೇಲೆ ಪೊಲೀಸರು, ಅರಣ್ಯ ಕಾವಲುಗಾರರು, ಅಂಚೆಯವರು, ಸ್ಕೌಟ್ ಹುಡುಗರು ಎಲ್ಲರೂ ಖಾಕಿ ಹಾಕಿದರು. ಕೊಳೆ ಕಾಣುವುದಿಲ್ಲ, ಬೇಗ ಹರಿಯುವುದಿಲ್ಲ, ಕಾಡಿನಲ್ಲಿ ಎದ್ದು ಕಾಣುವುದಿಲ್ಲ. ಟ್ರೆಕ್ಕಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಮಣ್ಣಿನ ಬಣ್ಣದ ಪ್ಯಾಂಟುಗಳೇ ಸಾಲಾಗಿ ತೂಗುತ್ತಿರುತ್ತವೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು. ಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

ನಾವು ನೆನಪಿಡಬೇಕಾದ್ದು ಇಷ್ಟು: ಊರು ಹೊರಗಿಟ್ಟವರ ಕೈಗೆ ಕೆಲಸ ಕೊಡಲೆಂದು ಆ ಮಗ್ಗ ಹಾಕಿದ್ದು. ನಡೆಯುವವರ ಬಟ್ಟೆ ಅಲ್ಲಿಂದ ಬಂತು.

ಕಾಲಿನ ಕಥೆ

ಬಾಟಾ ಕಂಪೆನಿ 1894ರಲ್ಲಿ ಇಂದಿನ ಚೆಕ್ ದೇಶದ ಜ್ಲೀನ್ ಪಟ್ಟಣದಲ್ಲಿ ಶುರುವಾಯಿತು. 1931ರಲ್ಲಿ ಭಾರತಕ್ಕೆ ಬಂತು. ಪೇಟೆಗಳಲ್ಲಿ ಅದರ ಅಂಗಡಿ ಬಂದ ಮೇಲೆ ಕ್ಯಾನ್ವಾಸ್ ಶೂ ಸಾಮಾನ್ಯರಿಗೂ ಎಟುಕಿತು. ಶಾಲೆಯ ಡ್ರಿಲ್‌ಗೆ ಹಾಕಿದ ಅದೇ ಶೂವಿನಲ್ಲಿ ಗುಡ್ಡ ಹತ್ತಿದವರು ನಮ್ಮ ಮನೆಗಳಲ್ಲೂ ಇದ್ದಾರೆ.

ಒಳ್ಳೆಯ ಶೂ ಬರೀ ಆಡಂಬರ ಎಂದು ನಾವು ಹೇಳುವುದಿಲ್ಲ. 1935ರಲ್ಲಿ ಇಟಲಿಯ ವಿಟಾಲೆ ಬ್ರಮಾನಿ ಎಂಬ ಪರ್ವತಾರೋಹಿಯ ಆರು ಮಂದಿ ಸಂಗಡಿಗರು ಆಲ್ಪ್ಸ್ ಪರ್ವತದಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತರು. ಅವರ ಕಾಲಲ್ಲಿದ್ದ ಪಾದರಕ್ಷೆ ಆ ಚಳಿಗೂ ಹಿಮಕ್ಕೂ ತಕ್ಕುದಾಗಿರಲಿಲ್ಲ. ಆ ದುಃಖದಿಂದ ಬ್ರಮಾನಿ 1937ರಲ್ಲಿ ಆಳವಾದ ಗೆರೆಗಳಿರುವ ರಬ್ಬರ್ ಅಟ್ಟೆಯನ್ನು ರೂಪಿಸಿದರು. ಅವರ ಹೆಸರಿನ ಅಕ್ಷರಗಳನ್ನು ಸೇರಿಸಿ ಅದಕ್ಕೆ 'ವಿಬ್ರಂ' ಎಂದು ಹೆಸರಾಯಿತು. ಈಗ ಬೆಟ್ಟದ ಶೂಗಳ ಅಡಿಯಲ್ಲಿ ಕಾಣುವ ಗೆರೆಗಳ ಹಿಂದೆ ಆ ಆರು ಜೀವಗಳ ನೆನಪು ಇದೆ.

ಬೆಂಗಳೂರಿನ ದಾರಿ

ನಮ್ಮ ನಾಡಿನಲ್ಲಿ ಬೆಟ್ಟದ ಸಾಮಾನಿಗೇ ಬೇರೆ ಅಂಗಡಿ ಬಂದದ್ದು ಇತ್ತೀಚೆಗೆ. ಬೆಂಗಳೂರಿನಲ್ಲಿ ಚಾರಣದ ಹುಚ್ಚಿದ್ದವರು ತಮ್ಮ ಬಳಕೆಗಾಗಿ ಡೇರೆ ಮಾಡಲು ಹೊರಟು ಬೆಳೆದದ್ದು ವೈಲ್ಡ್‌ಕ್ರಾಫ್ಟ್. 1998ರಲ್ಲಿ ಅದು ಕಂಪೆನಿಯಾಯಿತು. 1976ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಡೆಕಾತ್ಲಾನ್ 2009ರಲ್ಲಿ ಭಾರತದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನಲ್ಲೇ ತೆರೆಯಿತು. ಈಗ ಫೋನಿನಲ್ಲಿ ಒತ್ತಿದರೆ ಸಾಮಾನು ಬೆಳ್ಳೂರಿನ ಮನೆಯ ಅಂಗಳಕ್ಕೇ ಬರುತ್ತದೆ.

ಹಾಗಾದರೆ ನಾವು ಎಲ್ಲಿ ಕೊಳ್ಳುವುದು?

ನಾವು ಹೋಗುವ ರಾಣಿಪುರ ಆಲ್ಪ್ಸ್ ಅಲ್ಲ. ಪನತ್ತಡಿ ಪಂಚಾಯತಿನಲ್ಲಿರುವ ಈ ಬೆಟ್ಟ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮೊದಲು ಇದರ ಹೆಸರು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯ ಇಲ್ಲಿ ಜಾಗ ಕೊಂಡ ಮೇಲೆ ರಾಣಿ ಮರಿಯಮ್ಮನವರ ಹೆಸರಿನಿಂದ ರಾಣಿಪುರವಾಯಿತು. ಒಂದು ದಿನದ ನಡಿಗೆ, ಹುಲ್ಲುಗಾವಲು, ಕಾಡು, ಮಳೆಯಲ್ಲಿ ಉಂಬಳ. ಆನೆ ಓಡಾಡುವ ಜಾಗವಾದ್ದರಿಂದ ಅರಣ್ಯ ಇಲಾಖೆಯವರು ಹೇಳಿದಂತೆ ಕೇಳಬೇಕು.

ಇಷ್ಟಕ್ಕೆ ಏನು ಬೇಕು ಎಂದು ಮತ್ತೆ ಕೂತು ಬರೆದೆವು. ಹಣ ಹಾಕಬೇಕಾದ್ದು ಶೂವಿಗೆ. ಅದನ್ನು ಫೋನಿನಲ್ಲಿ ತರಿಸಬೇಡಿ. ಅಂಗಡಿಗೆ ಸಂಜೆಯ ಹೊತ್ತು ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ಇಳಿಯುವಾಗ ಬೆರಳಿನ ತುದಿ ಶೂವಿಗೆ ತಾಗಬಾರದು. ಅಡಿಯ ಗೆರೆ ಸವೆಯದ ಶಾಲೆಯ ಶೂ ಇದ್ದರೆ ಅದೂ ನಡೆಯುತ್ತದೆ. ಹೊಸ ಶೂವನ್ನು ಎರಡು ವಾರ ತೋಟದಲ್ಲಿ ಹಾಕಿ ಓಡಾಡಿ ಪಳಗಿಸಿ. ಮಳೆಯ ಕೋಟು ಮನೆಯ ಸ್ಕೂಟರಿನಲ್ಲೇ ಇರುತ್ತದೆ. ಜೀನ್ಸ್ ಬೇಡ, ಒದ್ದೆಯಾದರೆ ಭಾರ, ಬೇಗ ಒಣಗುವುದಿಲ್ಲ. ಉಂಬಳಕ್ಕೆ ಅಜ್ಜಿಯ ಉಪ್ಪಿನ ಗಂಟು ಸಾಕು. ಹಾಳೆ ಟೊಪ್ಪಿ ಹಾಕಿಕೊಂಡು ಬರುವವರನ್ನು ಯಾರೂ ನಗಬಾರದು ಎಂದೂ ಬರೆದೆವು.

ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಹೇಳಿದ ಪಟ್ಟಿ ನಮ್ಮದಕ್ಕಿಂತ ಚಿಕ್ಕದು. ಕೋಲು ಇರಲಿ, ಕಾಲಿಗೆ ಮೆಟ್ಟು ಇರಲಿ, ಜೋಳಿಗೆ ಬೇಡ, ಎರಡನೆಯ ಅಂಗಿ ಬೇಡ. ಕಾಲಿನ ರಕ್ಷಣೆಯನ್ನು ಅವರೂ ಬಿಟ್ಟಿಲ್ಲ. ಒಬ್ಬರನ್ನೇ ಕಳುಹಿಸಲಿಲ್ಲ ಎಂಬುದನ್ನೂ ಗಮನಿಸಿ.

ಕೊನೆಗೆ ನಾವು ಮಾಡಿದ್ದು ಇಷ್ಟೇ. ದೇವಾಲಯದ ಸಭಾಂಗಣದಲ್ಲಿ ಖಾಲಿ ಇದ್ದ ಒಂದು ಕಪಾಟನ್ನು ಫಾದರ್ ಹತ್ತಿರ ಕೇಳಿ ಪಡೆದೆವು. ಮನೆಯಲ್ಲಿ ಬಳಸದೆ ಬಿದ್ದಿದ್ದ ಬ್ಯಾಗು, ಟಾರ್ಚು, ಮಳೆಯ ಕೋಟು, ಕಾಲಿಗೆ ಚಿಕ್ಕದಾದ ಶೂಗಳನ್ನು ತೊಳೆದು ಅದರಲ್ಲಿ ಇಟ್ಟೆವು. ಗಲ್ಫಿನಲ್ಲಿರುವ ಅಣ್ಣಂದಿರು ಊರಿಗೆ ಬಂದಾಗ ಎರಡು ಜೊತೆ ಶೂ ಕೊಟ್ಟರು. ಬೇಕಾದವರು ಪುಸ್ತಕದಲ್ಲಿ ಬರೆದು ಒಯ್ಯುವುದು, ತೊಳೆದು ಒಣಗಿಸಿ ತಂದಿಡುವುದು. ಯಾರು ಒಯ್ದರು, ಯಾಕೆ ಒಯ್ದರು ಎಂದು ಯಾರೂ ಕೇಳುವುದಿಲ್ಲ. ಕೊಂಡುಕೊಳ್ಳಲು ಶಕ್ತಿ ಇರುವವರೂ ಅಲ್ಲಿಂದಲೇ ಒಯ್ಯಬೇಕೆಂದು ನಿಯಮ ಮಾಡಿದ್ದೇವೆ, ಇಲ್ಲದಿದ್ದರೆ ಅದು ಬಡವರ ಕಪಾಟು ಆಗಿಬಿಡುತ್ತದೆ.

ಆ ಇಬ್ಬರು ಗೆಳೆಯರು ಮೊನ್ನೆ ಭಾನುವಾರ ಕಪಾಟು ತೆರೆದು ಶೂಗಳನ್ನು ಹಾಕಿ ನೋಡಿದರು. ಒಬ್ಬನಿಗೆ ಸರಿಯಾಯಿತು. ಇನ್ನೊಬ್ಬನ ಅಳತೆಯದು ಇರಲಿಲ್ಲ. ಅವನಿಗೆ ಒಂಬತ್ತನೇ ನಂಬರ್ ಬೇಕು. ನಿಮ್ಮ ಮನೆಯಲ್ಲಿ ಯಾರದ್ದಾದರೂ ಇದ್ದರೆ ಹೊರಡುವ ಮೊದಲು ತಂದಿಡಿ.