ದೋಣಿ ಕಟ್ಟೂದು ಎಮ್ಮೆ ಕಟ್ಟಿದಂಗಲ್ಲ

ಕಗ್ಗದ ಕೊಯ್ಲು ಹತ್ತಿರ ಬಂತು, ಗಜನಿಗೆ ದೋಣಿ ಇಳಿಸೋ ಹೊತ್ತು. ಈಚೆಗೆ ನಮ್ಮ ಸುತ್ತಮುತ್ತ ಮೂರ್ನಾಲ್ಕು ಮನೆಯವರು ಹೊಸದಾಗಿ ಫೈಬರ್ ದೋಣಿ ತಗೊಂಡಿದ್ದಾರೆ. ಅವನ್ನ ಕಲ್ಲುಕಟ್ಟೆಗೆ ಬಿಗಿದಿರೋದು ನೋಡಿದಾಗೆಲ್ಲ ನನ್ನ ಹಳೇ ತಪ್ಪು ನೆನಪಾಗುತ್ತೆ. ಹಾಗಾಗಿ ಈ ಸಲದ ಟಿಪ್ಪಣಿ ದೋಣಿ ಕಟ್ಟೋದರ ಬಗ್ಗೆ, ಸ್ವಲ್ಪ ಇತಿಹಾಸದ ಜೊತೆ.

ಆಗ ನನಗೆ ಇಪ್ಪತ್ತೆರಡು. ದೀಪಾವಳಿ ಅಮಾವಾಸ್ಯೆ ದಿನ ಮಧ್ಯಾಹ್ನದ ಉಬ್ಬರಕ್ಕೆ ಕಗ್ಗದ ಹೊರೆ ತುಂಬಿದ ದೋಣಿ ತಂದು, ಕಟ್ಟೆಯ ಕಲ್ಲಿಗೆ ಗಿಡ್ಡ ಹಗ್ಗದಲ್ಲಿ ಬಿಗಿದು, ಹಬ್ಬದ ಊಟಕ್ಕೆ ಮನೆಗೆ ಹೋದೆ. ಸಂಜೆ ನೀರು ಇಳೀತು. ದೋಣಿಯ ಒಂದು ಅಂಚು ಕಲ್ಲಿನ ಮೇಲೆ, ಇನ್ನೊಂದು ಬದಿ ಕೆಸರಲ್ಲಿ. ಮೇಲಿನ ಭಾರವೆಲ್ಲ ಒಂದೇ ಬದಿಗೆ ವಾಲಿ ಹಲಗೆಯ ಸಂದು ಬಿಟ್ಟಿತು. ರಾತ್ರಿ ಉಬ್ಬರ ಬಂದಾಗ ಕೆಸರು ತಳ ಬಿಡಲಿಲ್ಲ. ದೋಣಿ ಏಳೋ ಮುಂಚೆ ನೀರೇ ಒಳಗೆ ಬಂತು. ಉಪ್ಪುನೀರಲ್ಲಿ ನಿಂತು ಬೆಳೆಯೋ ಕಗ್ಗ, ಕೊಯ್ದ ಮೇಲೆ ಅದೇ ನೀರಲ್ಲಿ ನೆನೆದು ಕೆಟ್ಟಿತು. ಮರುವರ್ಷದ ಬೀಜಕ್ಕೆ ಅಪ್ಪ ಬೇರೆಯವರ ಅಂಗಳದಲ್ಲಿ ನಿಲ್ಲಬೇಕಾಯ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಕಷ್ಟ ಆಗಿದ್ದು.

ದೋಣಿ ಮೇಲೆತ್ತೋಕೆ ಬಂದ ಅಂಬಿಗರ ಅಜ್ಜ ಹಗ್ಗ ನೋಡಿ ಹೇಳಿದ್ದು ಇಷ್ಟೇ: "ತಮಾ, ದೋಣಿ ಕಟ್ಟೂದು ಅಂದ್ರೆ ಎಮ್ಮೆ ಕಟ್ಟಿದಂಗಲ್ಲ. ಎಮ್ಮೆ ಹೋಗದಂಗೆ ಕಟ್ಟೂದು. ದೋಣಿ ನೀರ ಸಂಗ್ತಿ ಹೋಗಿ ಬರೂ ಹಂಗೆ ಕಟ್ಟೂದು."

ಆಮೇಲೆ ಓದುತ್ತಾ ಹೋದ ಹಾಗೆ ಈ ಮಾತು ಅಜ್ಜನೊಬ್ಬನದಲ್ಲ, ನಮ್ಮ ಇಡೀ ಕರಾವಳಿಯದ್ದು ಅಂತ ಗೊತ್ತಾಯ್ತು. ಮೊರಾಕೊದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಪಕ್ಕದ ಹೊನ್ನಾವರಕ್ಕೆ ಬಂದಿದ್ದ. ಭಾರತದ ಮತ್ತು ಯೆಮನ್ನಿನ ಹಡಗುಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲೀತಾರೆ ಅಂತ ತನ್ನ ಪ್ರವಾಸಕಥನದಲ್ಲಿ ಹೇಳಿ, ಕಾರಣವನ್ನೂ ಕೊಡ್ತಾನೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತೆ, ಹೊಲಿದದ್ದು ಬಾಗಿ ಉಳಿಯುತ್ತೆ. ಹಲಗೆಗಳ ಅಂಚಿಗೆ ತೂತು ಕೊರೆದು, ಸಂದಿಗೆ ನಾರು ತುಂಬಿ, ಕತ್ತದ ಹಗ್ಗದಲ್ಲಿ ಎಳೆದು ಹೊಲಿದು, ಮೀನೆಣ್ಣೆ ಬಳಿಯೋದು ಆ ಕ್ರಮ. ದಿನಕ್ಕೆ ಎರಡು ಸಲ ನೆಲಕ್ಕೆ ಕೂತು ಎರಡು ಸಲ ಏಳಬೇಕಾದ ಅಳಿವೆಯ ದೋಣಿಗೆ ಇದಕ್ಕಿಂತ ಹೊಂದೋ ಕಟ್ಟು ಯಾವುದು?

ನಮ್ಮ ಅಘನಾಶಿನಿಯಲ್ಲಿ ದೋಣಿ ಬರೀ ಮೀನಿಗೆ ಇದ್ದದ್ದಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂದ ಕಾಲದಲ್ಲಿ ಮಿರ್ಜಾನ್ ದೊಡ್ಡ ವ್ಯಾಪಾರದ ಜಾಗ. ಘಟ್ಟದ ಮೆಣಸು ಸಮುದ್ರಕ್ಕೆ ಹೋಗಬೇಕಾದರೆ ಇದೇ ಆಳವಿಲ್ಲದ ನೀರು ದಾಟಬೇಕಿತ್ತು. ಸರಕು ತುಂಬಿದ ದೋಣಿ ಇಳಿತಕ್ಕೆ ಎಲ್ಲಿ ಕೂರಬೇಕು, ಯಾವ ಉಬ್ಬರಕ್ಕೆ ಹೊರಡಬೇಕು ಅಂತ ಗೊತ್ತಿಲ್ಲದೆ ಆ ವ್ಯಾಪಾರ ನಡೆಯೋದಿಲ್ಲ.

ಗಜನಿಯ ಕಟ್ಟೆಗಳೂ ಮೊದಲು ಮಣ್ಣಿನವೇ. ಊರವರೇ ಸೇರಿ ಪ್ರತಿವರ್ಷ ಮೆತ್ತಿ ಸರಿ ಮಾಡ್ತಿದ್ದರು. ಅದಕ್ಕೆ ದೋಣಿ ಒರಗಿದರೂ ಮಣ್ಣು ಸವೆಯುತ್ತಿತ್ತೇ ಹೊರತು ಹಲಗೆ ಅಲ್ಲ. 1970ರ ದಶಕದ ಸುಮಾರಿಗೆ ಸರ್ಕಾರದ ಗಟ್ಟಿ ಕಟ್ಟೆಗಳು ಬಂದವು. ಅದೇ ಕಾಲಕ್ಕೆ ರಸ್ತೆ, ಸೇತುವೆ, 1998ಕ್ಕೆ ಕೊಂಕಣ ರೈಲು. ಸರಕು ದೋಣಿ ಬಿಟ್ಟು ಲಾರಿ ಹತ್ತಿತು. ದೋಣಿಯ ಜೊತೆ ಹುಟ್ಟಿ ಬೆಳೆದ ಅಂಬಿಗರ ಮಕ್ಕಳು ಬೇರೆ ಕೆಲಸಕ್ಕೆ ಹೋದರು. ಕಟ್ಟೆ ಗಟ್ಟಿಯಾಯ್ತು, ದೋಣಿ ಗಟ್ಟಿಯಾಯ್ತು, ಹಗ್ಗ ಗಟ್ಟಿಯಾಯ್ತು. ಕಟ್ಟೋ ತಿಳುವಳಿಕೆ ಮಾತ್ರ ತೆಳ್ಳಗಾಯ್ತು.

ಅಜ್ಜ ಹೇಳಿಕೊಟ್ಟದ್ದು, ನಾನು ಮಾಡಿ ನೋಡಿದ್ದು ಇಷ್ಟು.

ಮೊದಲು ಜಾಗ. ಇಳಿತದ ಹೊತ್ತಲ್ಲಿ ನಡೆದುಹೋಗಿ ಕಾಲಲ್ಲಿ ನೆಲ ನೋಡಿ. ಸಮತಟ್ಟಾದ ಮೆತ್ತನೆ ಕೆಸರು ಬೇಕು. ಕಲ್ಲು, ಬೇರಿನ ಬುಡ, ಚಿಪ್ಪು ಇರಬಾರದು. ಚಿಪ್ಪಿನ ಅಂಚು ಫೈಬರಿನ ಮೇಲ್ಪದರ ಕೊರೆದರೆ ಒಳಗೆ ನೀರಿಳಿದು ತಳ ಸೋಲುತ್ತೆ. ತೂಬಿನ ಬಾಗಿಲ ಹತ್ತಿರವಂತೂ ಬೇಡ, ಅಲ್ಲಿ ಸೆಳೆತ ಜಾಸ್ತಿ.

ಎರಡನೇದು ಗೂಟ. ಕಟ್ಟೆಗೆ ಕಟ್ಟೋ ಬದಲು ಕಟ್ಟೆಯಿಂದ ದೂರ ಮುಂದೊಂದು ಹಿಂದೊಂದು ಉದ್ದ ಗೂಟ ಊರಿ. ಗೂಟದ ತುದಿ ದೊಡ್ಡ ಉಬ್ಬರಕ್ಕೂ ನೀರಿನ ಮೇಲೆ ಇರಬೇಕು. ಹಗ್ಗವನ್ನ ಗೂಟಕ್ಕೆ ಗಂಟು ಹಾಕದೆ ಸಡಿಲ ಬಳೆ ಹಾಗೆ ಸುತ್ತಿ ಕಟ್ಟಿ. ನೀರಿನ ಜೊತೆ ಬಳೆ ಮೇಲೆ ಕೆಳಗೆ ಜಾರುತ್ತೆ, ದೋಣಿ ಅಲ್ಲೇ ಇರುತ್ತೆ.

ಲಂಗರು ಹಾಕಿದರೆ ಅದು ದೋಣಿಯ ತಳಕ್ಕೆ ಬರದ ಹಾಗೆ ನೋಡಿ. ಇಳಿತಕ್ಕೆ ತನ್ನ ಲಂಗರಿನ ಮೇಲೇ ಕೂತು ತೂತಾದ ದೋಣಿ ನಾನೇ ಕಂಡಿದ್ದೇನೆ.

ಮೂರನೇದು ತಿಥಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ದೊಡ್ಡದು, ಅಷ್ಟಮಿ ಹೊತ್ತಿಗೆ ಸಣ್ಣದು. ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಅಮಾವಾಸ್ಯೆಯ ದೊಡ್ಡ ಉಬ್ಬರದ ತುದಿಗೆ ದೋಣಿ ಏರಿಸಿಟ್ಟರೆ ಮರುದಿನಗಳ ನೀರು ಅಲ್ಲಿಗೆ ಮುಟ್ಟೋದಿಲ್ಲ, ಹುಣ್ಣಿಮೆವರೆಗೆ ಕಾಯಬೇಕು.

ಕೊನೇದು, ಹೊರೆ ತುಂಬಿದ ದೋಣಿಯನ್ನ ಇಳಿತಕ್ಕೆ ಬಿಡಬೇಡಿ. ಖಾಲಿ ದೋಣಿ ಕೆಸರಿಂದ ಬೇಗ ಬಿಡುತ್ತೆ. ಹಿಡಿದುಕೊಂಡರೆ ನೀರು ಏರೋವಾಗ ಅತ್ತಿತ್ತ ಅಲ್ಲಾಡಿಸಿ, ತಳಕ್ಕೆ ನೀರು ನುಗ್ಗಿ ಸಡಿಲಾಗುತ್ತೆ.

2024ರಲ್ಲಿ ನಮ್ಮ ಅಳಿವೆಗೆ ರಾಮ್ಸರ್ ಮನ್ನಣೆ ಸಿಕ್ಕಿತು. ಹಕ್ಕಿ, ಬಳಚು, ಕಾಂಡ್ಲಾ ಎಲ್ಲ ಪಟ್ಟಿಯಾಗುತ್ತೆ. ಅಜ್ಜನ ಗಂಟು ಯಾವ ಪಟ್ಟಿಗೂ ಬರೋದಿಲ್ಲ, ಅದನ್ನ ನಾವೇ ಉಳಿಸಿಕೊಳ್ಳಬೇಕು. ಹೊಸ ದೋಣಿ ತಗೊಂಡವರು ಒಂದು ಇಳಿತದ ಹೊತ್ತಿಗೆ ನಮ್ಮ ಗಜನಿ ಕಡೆ ಬನ್ನಿ, ಗೂಟ ಊರಿ ತೋರಿಸ್ತೇನೆ. ಹೊರೆ ಮನೆ ಮುಟ್ಟಿದ ಮೇಲೆ ಹಬ್ಬದ ಊಟ ಮಾಡೋಣ.