ಬಾಲ್ಕನಿ, ಕಚೇರಿಗೆ ಗಾಜು ಹಾಕಿಸುತ್ತಿದ್ದೀರಾ? ಟಫನ್ಡ್, ಲ್ಯಾಮಿನೇಟೆಡ್ ನಡುವಿನ ವ್ಯತ್ಯಾಸ ತಿಳಿದುಕೊಳ್ಳಿ

ನವದೆಹಲಿ: ಗುರುಗ್ರಾಮದ ಸೈಬರ್ ಸಿಟಿಯಿಂದ ನೋಯ್ಡಾ ಎಕ್ಸ್‌ಪ್ರೆಸ್‌ವೇವರೆಗೆ ದೆಹಲಿ ಎನ್‌ಸಿಆರ್‌ನಲ್ಲಿ ಎತ್ತ ನೋಡಿದರೂ ಗಾಜಿನ ಕಟ್ಟಡಗಳೇ. ಈಗ ಫ್ಲಾಟ್‌ಗಳ ಬಾಲ್ಕನಿ, ಬಾತ್‌ರೂಮ್‌ಗೂ ಗಾಜು ಬಂದಿದೆ. ಆದರೆ ನೋಡಲು ಒಂದೇ ರೀತಿ ಇರುವ ಗಾಜುಗಳು ಒಡೆಯುವ ರೀತಿ ಬೇರೆ ಬೇರೆ. ಜೀವ ಉಳಿಸುವುದೂ, ತೆಗೆಯುವುದೂ ಈ ವ್ಯತ್ಯಾಸವೇ.

ಯಾವ ಗಾಜು ಹೇಗೆ?

* ಸಾಧಾರಣ ಫ್ಲೋಟ್ ಗಾಜು: ಮರಳು, ಸೋಡಾ ಬೂದಿ, ಸುಣ್ಣದ ಕಲ್ಲನ್ನು ಕರಗಿಸಿ, ಕರಗಿದ ತವರದ ಮೇಲೆ ಹರಿಸಿ ತಯಾರಿಸಲಾಗುತ್ತದೆ. ಒಡೆದರೆ ಚೂರಿಯಂತಹ ಚೂಪಾದ ತುಂಡುಗಳಾಗುತ್ತವೆ.
* ಟಫನ್ಡ್: ಇದೇ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಬಲ 4ರಿಂದ 5 ಪಟ್ಟು ಹೆಚ್ಚುತ್ತದೆ. ಒಡೆದರೆ ಸಣ್ಣ ಹರಳುಗಳಂತೆ ಉದುರುತ್ತದೆ. ಕತ್ತರಿಸುವುದು, ರಂಧ್ರ ಕೊರೆಯುವುದು ಕಾಯಿಸುವ ಮೊದಲೇ ಆಗಬೇಕು.
* ಲ್ಯಾಮಿನೇಟೆಡ್: ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರವಿರುತ್ತದೆ. ಒಡೆದರೂ ಚೂರುಗಳು ಅಂಟಿಕೊಂಡಿರುತ್ತವೆ. ಬಾಲ್ಕನಿ ಕಟಕಟೆ, ಗಾಜಿನ ಚಾವಣಿಗೆ ಇದೇ ಸೂಕ್ತ.

ತಾನಾಗಿಯೇ ಒಡೆಯುವುದೇಕೆ?

ಯಾರೂ ಮುಟ್ಟದಿದ್ದರೂ ಟಫನ್ಡ್ ಗಾಜು ಕೆಲವೊಮ್ಮೆ ಸಿಡಿಯುತ್ತದೆ. ಗಾಜಿನೊಳಗೆ ಸೇರಿಕೊಂಡ ನಿಕಲ್ ಸಲ್ಫೈಡ್ ಕಣ ಕಾಲಕ್ರಮೇಣ ಹಿಗ್ಗುವುದು ಇದಕ್ಕೆ ಒಂದು ಕಾರಣ. ಅಂಚಿಗೆ ಬಿದ್ದ ಏಟು, ಬಿಗಿಯಾದ ಚೌಕಟ್ಟು ಕೂಡ ಕಾರಣವಾಗಬಹುದು. ಕಾರ್ಖಾನೆಯಲ್ಲಿ ಗಾಜನ್ನು ಮತ್ತೆ ಕಾಯಿಸಿ ನಡೆಸುವ 'ಹೀಟ್ ಸೋಕ್' ಪರೀಕ್ಷೆಯಲ್ಲಿ ಇಂತಹ ದೋಷದ ಗಾಜು ಬಹುಪಾಲು ಅಲ್ಲೇ ಒಡೆದುಹೋಗುತ್ತದೆ.

ದೆಹಲಿ ಬಿಸಿಲಿಗೆ ಯಾವುದು?

ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ದೆಹಲಿಯಲ್ಲಿ ಒಂಟಿ ಗಾಜಿನ ಗೋಡೆ ಎಂದರೆ ಎಸಿ ಬಿಲ್ ಏರಿದಂತೆಯೇ. ಲೋ-ಇ ಲೇಪನವಿರುವ, ನಡುವೆ ಗಾಳಿಯ ಪದರವಿರುವ ಜೋಡಿ ಗಾಜು ಶಾಖವನ್ನು ತಡೆಯುತ್ತದೆ. ವಾಣಿಜ್ಯ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ 2017, ಅದರ ನಿಗದಿತ (ಪ್ರಿಸ್ಕ್ರಿಪ್ಟಿವ್) ವಿಧಾನ ಅನುಸರಿಸುವ ಕಟ್ಟಡಗಳ ಹೊರಗೋಡೆಯಲ್ಲಿ ಕಿಟಕಿಯ ಪಾಲಿಗೆ ಶೇ 40ರ ಮಿತಿ ಹಾಕಿತ್ತು.

ಬೆಂಕಿ ಬಿದ್ದರೆ?

2022ರ ಮೇ 13ರಂದು ದೆಹಲಿಯ ಮುಂಡ್ಕಾದಲ್ಲಿ ವಾಣಿಜ್ಯ ಕಟ್ಟಡಕ್ಕೆ ಬೆಂಕಿ ಬಿದ್ದು 27 ಮಂದಿ ಮೃತಪಟ್ಟರು. ಒಳಗೆ ಸಿಲುಕಿದವರನ್ನು ಗಾಜು ಒಡೆದು ಹೊರತರಬೇಕಾಯಿತು. ಬೆಂಗಳೂರಿಗರಿಗೆ ಇದು 2010ರ ಫೆಬ್ರುವರಿ 23ರ ಕಾರ್ಲ್‌ಟನ್ ಟವರ್ಸ್ ದುರಂತವನ್ನು ನೆನಪಿಸಿತು. ಅಲ್ಲಿಯೂ ಹೊಗೆಗೆ ಉಸಿರುಗಟ್ಟಿದವರು ಗಾಜು ಒಡೆದು ಹಾರಿದ್ದರು. 9 ಮಂದಿ ಬದುಕಲಿಲ್ಲ.

ಅದಕ್ಕೇ ಗಾಜಿನ ಹೊರಗೋಡೆಯಲ್ಲಿ ತೆರೆಯಬಹುದಾದ ಫಲಕಗಳಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಹೇಳುತ್ತದೆ. ಲ್ಯಾಮಿನೇಟೆಡ್ ಗಾಜನ್ನು ಒಡೆದು ಹೊರಬರುವುದು ಇನ್ನೂ ಕಷ್ಟ ಎಂಬುದು ನೆನಪಿರಲಿ.

ಖರೀದಿಗೆ ಮುನ್ನ ಗಮನಿಸಿ

* ಸುರಕ್ಷತಾ ಗಾಜಿಗೆ ಐಎಸ್ 2553, ಫ್ಲೋಟ್ ಗಾಜಿಗೆ ಐಎಸ್ 14900 ಮಾನಕ. ಗಾಜಿನ ಮೇಲೆ ಅಳಿಸಲಾಗದಂತೆ ಐಎಸ್‌ಐ ಗುರುತು ಇದೆಯೇ ನೋಡಿ. ಸ್ಟಿಕ್ಕರ್ ಮಾತ್ರ ಇದ್ದರೆ ಪ್ರಶ್ನಿಸಿ.
* ಬಿಲ್‌ನಲ್ಲಿ ಗಾಜಿನ ವಿಧ, ದಪ್ಪ ಬರೆಸಿಕೊಳ್ಳಿ. ಹೀಟ್ ಸೋಕ್ ಮಾಡಿಸಿದ್ದರೆ ಪ್ರಮಾಣಪತ್ರ ಕೇಳಿ.
* ಅಂಚುಗಳನ್ನು ಉಜ್ಜಿ ನಯಗೊಳಿಸಿರಬೇಕು. ಗಾಜು ನೇರವಾಗಿ ಲೋಹಕ್ಕೆ ತಾಗದಂತೆ ರಬ್ಬರ್ ಇರಬೇಕು.
* ನಿಮ್ಮ ಕಚೇರಿಯಲ್ಲಿ ತೆರೆಯುವ ಫಲಕ ಎಲ್ಲಿದೆ, ಅದರ ಮುಂದೆ ಬೀರು ಇಟ್ಟಿದ್ದಾರೆಯೇ ಎಂಬುದನ್ನು ಇಂದೇ ನೋಡಿಕೊಳ್ಳಿ.